ಬಲಗಡೆಗೆ ಬಂದ ಗಾಜಿನ ಕಿವಿ

ನನಗೊಬ್ಬ ಸವತಿ ಇದ್ದಾನೆ. ಇದ್ದಾಳೆ ಎನ್ನಬೇಕಿತ್ತು, ಆದರೆ ಅವನು ಗಂಡಸು. ಆರಡಿ ಎತ್ತರ, ಬೂದು ಬಣ್ಣದ ಉದ್ದ ಕೋಟು, ತಲೆಯ ಎಡಗಡೆಗೆ ಗಾಜಿನ ಕಿವಿ. ನಾನು ಮದುವೆಯಾಗಿ ಈ ಮನೆಗೆ ಬರುವ ಹೊತ್ತಿಗಾಗಲೇ ಬಂದು ಝಂಡಾ ಊರಿದ್ದ. ಅವನ ಹೆಸರು ಗಾಜುಗಿವಿ. ನನ್ನ ಗಂಡ ಪ್ರತಿ ತಿಂಗಳು ಬರೆಯುವ ಮಕ್ಕಳ ಕಾಮಿಕ್ಸಿನ ನಾಯಕ.

ಬೇರೆ ಗ್ರಹದಲ್ಲಿ ಯಾರಾದರೂ ಅಳುತ್ತಿದ್ದರೆ ಗಾಜುಗಿವಿಗೆ ಇಲ್ಲಿಂದಲೇ ಕೇಳಿಸುತ್ತದೆ. ತಕ್ಷಣ ತನ್ನ ಪುಟ್ಟ ನೌಕೆ ಹತ್ತಿ ಹೊರಡುತ್ತಾನೆ, ದುಷ್ಟರಿಗೆ ನಾಲ್ಕು ಗುದ್ದು ಕೊಡುತ್ತಾನೆ, ಅಳುತ್ತಿದ್ದವರ ಕಣ್ಣು ಒರೆಸಿ ವಾಪಸು ಬರುತ್ತಾನೆ. ಗುದ್ದಿದ ಜಾಗದಲ್ಲಿ ನಕ್ಷತ್ರ ಬರೆಯಬೇಕೇ ಹೊರತು ರಕ್ತ ಬರೆಯಕೂಡದು ಎಂದು ಪ್ರಕಾಶಕರ ಕಟ್ಟಪ್ಪಣೆ. ಇಪ್ಪತ್ತು ವರ್ಷದ ಕಾಮಿಕ್ಸಿನಲ್ಲಿ ಒಂದು ನೊಣವೂ ಸತ್ತಿಲ್ಲ.

ಕೋಟಿ ಮೈಲಿ ಆಚೆಯ ಅಳು ಕೇಳಿಸುವ ಕಿವಿಯನ್ನು ಬರೆಯುವ ಈ ಮನುಷ್ಯನಿಗೆ ಗೋಡೆಯಾಚೆಯ ಅಡುಗೆಮನೆಯಿಂದ ಕರೆದರೆ ಕೇಳಿಸುವುದಿಲ್ಲ.

“ರೀ, ಟೀ ತಣ್ಣಗಾಗ್ತಿದೆ, ಬನ್ನಿ.”

ಉತ್ತರವಿಲ್ಲ. ಎರಡನೇ ಸಲ ಕರೆಯುತ್ತೇನೆ. ಆಗಲೂ ಇಲ್ಲ. ಮೂರನೇ ಸಲ ಪಾತ್ರೆ ಕುಕ್ಕುತ್ತೇನೆ. ಆಗ ಬೆರಳಿಗೆಲ್ಲ ಶಾಯಿ ಮೆತ್ತಿಕೊಂಡು, ಎಲ್ಲೋ ಬಾವಿಯಿಂದ ಎದ್ದು ಬಂದವರ ಹಾಗೆ ಬರುತ್ತಾರೆ. “ಅದು ಜಾಣ ಕಿವುಡು ಕಣೇ, ನಿಮ್ಮಪ್ಪನಿಗೂ ಇತ್ತು” ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನು ಒಪ್ಪುತ್ತಿರಲಿಲ್ಲ. ಕೇಳಿಸಿಯೂ ಸುಮ್ಮನಿರುವವನ ಜೊತೆ ಜಗಳ ಆಡಬಹುದು. ಇವರಿಗೆ ನಿಜಕ್ಕೂ ಕೇಳಿಸುವುದಿಲ್ಲ, ಇವರ ಎರಡು ಕಿವಿಯನ್ನೂ ಅವನೇ ಇಟ್ಟುಕೊಂಡಿದ್ದಾನೆ ಎಂಬುದು ನನ್ನ ಲೆಕ್ಕಾಚಾರ.

ಇವರ ಕೋಣೆ ಇಕ್ಕಟ್ಟಿನದು. ಕಿಟಕಿಯ ಪಕ್ಕ ಮೇಜು. ಅದರ ನಡುವೆ ಗಾಜಿನ ಹಲಗೆ, ಹಲಗೆಯ ಕೆಳಗೆ ದೀಪ. ಪೆನ್ಸಿಲಿನಲ್ಲಿ ಒಂದು ಪುಟ ಬರೆದು ಮುಗಿಸಿದ ಮೇಲೆ ಇವರು ಹಾಳೆಯನ್ನು ಆ ಗಾಜಿನ ಮೇಲೆ ಬೋರಲು ಹಾಕಿ, ದೀಪ ಹೊತ್ತಿಸಿ, ಹಿಂಬದಿಯಿಂದ ನೋಡುತ್ತಾರೆ. ನೇರ ನೋಡುವಾಗ ಕಣ್ಣಿಗೆ ರೂಢಿಯಾಗಿ ಹೋದ ತಪ್ಪು ತಿರುವಿ ನೋಡಿದಾಗ ಎದ್ದು ಕಾಣುತ್ತದಂತೆ. ಒಂದು ಕಣ್ಣು ಮೇಲೆ ಹೋಗಿರುತ್ತದೆ, ಗದ್ದ ಸೊಟ್ಟಗಿರುತ್ತದೆ. ಅಲ್ಲೇ ಬೆನ್ನ ಮೇಲೆ ಗುರುತು ಮಾಡಿಕೊಂಡು, ಮತ್ತೆ ಹಾಳೆ ತಿರುಗಿಸಿ, ಸರಿಮಾಡಿ ಶಾಯಿ ಹಾಕುತ್ತಾರೆ. ದಿನಕ್ಕೆ ಹತ್ತಾರು ಸಲ ಹಾಳೆ ತಿರುವುವ ಸದ್ದು. ನನ್ನ ಮುಖವನ್ನು ಈ ಮನುಷ್ಯ ಇಷ್ಟು ಶ್ರದ್ಧೆಯಿಂದ ಒಂದು ಸಲವಾದರೂ ನೋಡಿದ್ದರೆ ಎಂದು ಎಷ್ಟು ಸಲ ಅನ್ನಿಸಿದೆಯೋ!

ಈ ತಿರುವುವ ಚಾಳಿಯೇ ಒಮ್ಮೆ ಇವರಿಗೆ ಮುಳುವಾಯಿತು. ಹದಿನೈದು ವರ್ಷದ ಹಿಂದಿನ ಮಾತು. ಒಂದು ಸಂಚಿಕೆಯಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಗಾಜಿನ ಕಿವಿ ಬಲಗಡೆಗೆ ಬಂದುಬಿಟ್ಟಿತ್ತು. ಬೋರಲು ಹಾಕಿದ ಹಾಳೆಯನ್ನು ವಾಪಸು ತಿರುಗಿಸದೆ ಬೆನ್ನ ಕಡೆಗೇ ಶಾಯಿ ಹಾಕಿದ್ದರು. ಮಾತಿನ ಗುಳ್ಳೆಗಳನ್ನು ಪ್ರೆಸ್ಸಿನವರು ಆಮೇಲೆ ಬೇರೆ ಅಂಟಿಸುವುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಅಚ್ಚಾಗಿ ಅಂಗಡಿಗೆ ಹೋದ ಮೇಲೆ ಓದುವ ಮಕ್ಕಳ ಕಣ್ಣಿಗೆ ಬಿತ್ತು. ಮಕ್ಕಳ ಕಣ್ಣಿಗೆ ಏನು ತಪ್ಪುತ್ತದೆ? ಇವರು ಬೀದಿಯಲ್ಲಿ ಹೋದರೆ ಸಾಕು, “ಅಂಕಲ್, ಕಿವಿ ಬಿಚ್ಚಿ ತೊಳೆದು ಈ ಕಡೆ ಹಾಕಿದ್ರಾ?” ಎಂದು ಕೂಗುತ್ತಿದ್ದರು.

ಆ ಸಂಚಿಕೆ ಬರೆದ ವಾರವೇ ನಮಗೆ ಮಗಳು ಹುಟ್ಟಿದ್ದು. ಎರಡು ದಿನ ಆಸ್ಪತ್ರೆಯಲ್ಲಿ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಹೆರಿಗೆ ವಾರ್ಡಿನೊಳಗೆ ಗಂಡಸರನ್ನು ಬಿಡುವುದಿಲ್ಲ, ಮನೆಗೆ ಹೋಗಿ, ಏನಾದರೂ ಇದ್ದರೆ ಫೋನ್ ಮಾಡುತ್ತೇವೆ ಎಂದು ಇವರನ್ನು ಕಳಿಸಿದ್ದರು. ಇವರೂ ಸರಿ ಎಂದು ಹೊರಟುಹೋದರು. ಮನೆಗೆ ಹೋಗಿ ಮೇಜಿನ ಮುಂದೆ ಕೂತರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ತವರಿನಲ್ಲಿ ಬಾಣಂತನ ಮುಗಿಸಿ ಮಗುವನ್ನೆತ್ತಿಕೊಂಡು ಮನೆಗೆ ಬಂದರೆ ಸತ್ತವರ ಮನೆಯ ಹಾಗೆ ಮುಖ ಮಾಡಿಕೊಂಡಿದ್ದರು. ಮಗಳು ಹುಟ್ಟಿದ ಸಂಭ್ರಮಕ್ಕಿಂತ ಅವನ ಕಿವಿ ಆಚೀಚೆಯಾದ ದುಃಖವೇ ಇವರಿಗೆ ದೊಡ್ಡದಾಯಿತಲ್ಲ ಎಂದು ನಾನು ಆವತ್ತು ಹಾಸಿಗೆಯಲ್ಲಿ ಮಲಗಿ ಗಾಜುಗಿವಿಗೆ ಹಾಕಿದ ಶಾಪಕ್ಕೆ ಅವನು ಅಲ್ಲೇ ಸುಟ್ಟು ಬೂದಿಯಾಗಬೇಕಿತ್ತು. ಆ ಸಂಚಿಕೆಯ ಒಂದು ಪ್ರತಿಯನ್ನೂ ಇವರು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಅದರ ಮಾತು ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ.

ಇನ್ನು ಇವರ ತಮ್ಮನ ವಿಷಯ. ನನ್ನ ಮೈದುನನಿಗೆ ಬಸ್ ನಿಲ್ದಾಣದಲ್ಲಿ ಕೆಲಸ, ಪ್ರಯಾಣಿಕರು ಬಿಟ್ಟುಹೋದ ಸಾಮಾನು ಕಾಯುವ ಕೋಣೆಯಲ್ಲಿ. ಬಂಧುಬಳಗದಲ್ಲೆಲ್ಲ ‘ಪಾಪದವನು’ ಎಂದೇ ಹೆಸರು. ತರಕಾರಿ ಹೆಚ್ಚುವಾಗ ನನ್ನ ಬೆರಳು ಕೊಯ್ದರೆ ತಲೆ ಸುತ್ತಿ ಕೂರುವವನು ಅವನು. ಜಿರಲೆ ಬಂದರೆ ಕುರ್ಚಿ ಹತ್ತಿ, “ಅತ್ತಿಗೆ, ಹೊಡೀಬೇಡಿ, ಆಚೆ ಕಳಿಸಿ” ಎನ್ನುವವನು.

ಮೂರು ವರ್ಷದ ಹಿಂದೆ ಪ್ರಕಾಶಕರಿಗೆ ಒಂದು ಐಡಿಯಾ ಹೊಳೆಯಿತು. ಕಾಮಿಕ್ಸ್ ಓದುತ್ತಿದ್ದ ಮಕ್ಕಳು ಈಗ ಬೆಳೆದು ಸಂಬಳ ಎಣಿಸುವವರಾಗಿದ್ದಾರೆ, ಅವರಿಗೆ ನಕ್ಷತ್ರ ಸಾಲದು, ರಕ್ತ ಬೇಕು. ಗಾಜುಗಿವಿಯನ್ನು ಇಟ್ಟುಕೊಂಡು ದೊಡ್ಡವರಿಗೆ ಕಾದಂಬರಿ ಮಾಡೋಣ ಎಂದರು. ಇವರನ್ನು ಕೇಳಿದರು. “ನಾನು ಬರೆಯೋದು ಗೆರೆ, ಅಕ್ಷರ ಅಲ್ಲ” ಎಂದು ಇವರು ಮೂಗು ಮುರಿದರು. ಆವತ್ತು ನಮ್ಮ ಮನೆಯಲ್ಲೇ ಕೂತಿದ್ದ ಪಾಪದವನು ಮೆಲ್ಲಗೆ, “ಅಣ್ಣ ಒಪ್ಪಿದ್ರೆ ನಾನು ನೋಡ್ತೀನಿ” ಎಂದ. ಎಲ್ಲರೂ ನಕ್ಕೆವು. ಇವರೂ ನಗುತ್ತಲೇ ಒಪ್ಪಿದರು.

ಆರು ತಿಂಗಳಿಗೆ ಪುಸ್ತಕ ಬಂತು. ಮೊದಲನೇ ಪುಟದಲ್ಲೇ ನೌಕೆಯ ಬಾಗಿಲು ಮುಚ್ಚಿಕೊಂಡು ಒಬ್ಬ ಕಾವಲುಗಾರ ಎರಡು ತುಂಡಾಗುತ್ತಾನೆ. ಅರ್ಧ ಒಳಗೆ, ಅರ್ಧ ಬಾಹ್ಯಾಕಾಶದಲ್ಲಿ. ಹೊರಗಿನ ಅರ್ಧ ಇನ್ನೂ ಕೈಬೀಸುತ್ತಿರುತ್ತದೆ. ಮುಂದಿನದನ್ನು ಇಲ್ಲಿ ಹೇಳಲಾರೆ, ಊಟದ ಹೊತ್ತಿನಲ್ಲಿ ಓದುವವರಿದ್ದೀರಿ. ಜಿರಲೆಗೆ ಮರುಗುತ್ತಿದ್ದವನು ಒಂದಿಡೀ ಗ್ರಹದ ಕತ್ತು ಕೊಯ್ದಿದ್ದ. ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಎರಡನೆಯದು ಇನ್ನೂ ಜೋರು. ಕಪ್ಪು ರಟ್ಟಿನ ಮೇಲೆ ಕೆಂಪು ಅಕ್ಷರ, ಅಷ್ಟೇ, ಚಿತ್ರವೂ ಇಲ್ಲ. ಇವರ ಇಪ್ಪತ್ತು ವರ್ಷದ ಗೆರೆಗೆ ಸಿಗದಿದ್ದ ಹೆಸರು ಅವನ ಎರಡು ಪುಸ್ತಕಕ್ಕೆ ಸಿಕ್ಕಿತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಬಂದು ಸೇರಿದ ಹಾಗೆ ಎಂದು ನಾನು ಬಾಯಿ ಬಿಟ್ಟೇ ಹೇಳಿದೆ. ಇವರು, “ಹಾಗೆಲ್ಲ ಅನ್ನಬಾರದು, ನನ್ನ ತಮ್ಮ” ಎಂದರು. ಆದರೆ ಅನ್ನುವಾಗ ಹಲ್ಲು ಕಚ್ಚಿಕೊಂಡಿದ್ದರು.

ಆಮೇಲೆ ಇವರ ಹೊಟ್ಟೆಕಿಚ್ಚು ನೋಡಬೇಕಿತ್ತು. ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ತಮ್ಮನ ಪುಸ್ತಕ ಓದುತ್ತಿದ್ದರು. ಹೊರಗೆ ಬಂದು, “ಏನೂ ಇಲ್ಲ ಅದರಲ್ಲಿ” ಎನ್ನುತ್ತಿದ್ದರು. ಏನೂ ಇಲ್ಲದ್ದನ್ನು ಮೂರು ಸಲ ಓದಿದ್ದನ್ನು ನಾನೇ ಕಂಡಿದ್ದೇನೆ. ಪ್ರೆಸ್ಸಿನ ಎದುರಿನ ಪುಸ್ತಕದಂಗಡಿಗೆ ಹೋದಾಗಲೆಲ್ಲ ತಮ್ಮನ ಕಾದಂಬರಿಗಳನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟುಬರುತ್ತಿದ್ದರಂತೆ. ಅಂಗಡಿಯವರು ಒಮ್ಮೆ ಹಿಡಿದೇಬಿಟ್ಟರು.

“ಏನ್ ಸಾರ್, ತಮ್ಮನ ಬುಕ್ಕನ್ನ ನೀವೇ ತಿರುಗಿಸ್ತಾ ಇದೀರ?”

“ಬಿಸಿಲಿಗೆ ಬಣ್ಣ ಹೋಗುತ್ತೆ ಅಂತ” ಎಂದರಂತೆ ಇವರು. ಆ ಅಂಗಡಿಗೆ ಬಿಸಿಲೇ ಬೀಳುವುದಿಲ್ಲ.

ಉರಿಯುವ ಬೆಂಕಿಗೆ ತುಪ್ಪ ಸುರಿದವಳು ನಮ್ಮ ಮಗಳು. ಊಟಕ್ಕೆ ಕೂತಾಗ, “ಅಪ್ಪಾ, ನಿಮ್ಮ ಗಾಜುಗಿವಿ ಎಲ್ರ ಅಳೂ ಕೇಳಿಸ್ಕೋತಾನೆ, ಅವನಿಗೆ ಮಾತ್ರ ಯಾವತ್ತೂ ಅಳು ಬರಲ್ಲ. ಚಿಕ್ಕಪ್ಪನ ಗಾಜುಗಿವಿ ಹಾಗಲ್ಲ” ಎಂದಳು. ಇವರು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು. ನನಗೆ ಮಗಳ ಮೇಲೆ ಸಿಟ್ಟು ಬಂತು. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು ಎಂದರೆ ಸುಳ್ಳಲ್ಲ. ನನ್ನ ಸವತಿಗೆ ಕೊನೆಗೂ ಒಬ್ಬ ಸರಿಯಾದ ಶತ್ರು ಹುಟ್ಟಿದ್ದ.

ಹೀಗಿರುವಾಗ ಪ್ರಕಾಶಕರು ಮನೆಗೇ ಬಂದರು. ಯಾವಾಗಲೂ ಅವಸರದ ಮನುಷ್ಯ, ಕುರ್ಚಿಯ ತುದಿಯಲ್ಲೇ ಕೂರುವುದು. ಮೂರನೇ ಕಾದಂಬರಿ ಸಿದ್ಧವಾಗಿದೆ, ಹೆಸರು ‘ಬಲಗಿವಿ’ ಎಂದರು. ಹೆಸರು ಕಿವಿಗೆ ಬಿದ್ದ ಕೂಡಲೇ ಇವರ ಮುಖ ಬಿಳಿಚಿಕೊಂಡಿತು.

“ಈ ಸಲ ಮುಖಪುಟಕ್ಕೆ ನಿಮ್ಮ ಚಿತ್ರ ಬೇಕು. ಕೆಳಗಡೆ ಒಡೆದ ಗಾಜಿನ ಚೂರುಗಳು. ಗಾಜುಗಿವಿ ಸತ್ತ ಅಂತ ಅಷ್ಟರಲ್ಲೇ ಗೊತ್ತಾಗಬೇಕು. ಮೇಲೆ ಅವನನ್ನ ಕೊಂದವನು ನಿಂತಿರ್ತಾನೆ. ಅದೇ ಮುಖ, ಅದೇ ಕೋಟು, ಕಿವಿ ಮಾತ್ರ ಬಲಗಡೆ.”

“ಎಲ್ಲಿಂದ ಬಂದ ಅವನು?” ಎಂದರು ಇವರು.

“ನಿಮ್ಮಿಂದಲೇ! ಆ ಹಳೇ ಸಂಚಿಕೆ ನೆನಪಿಲ್ವಾ? ಅದು ಕೈತಪ್ಪಲ್ಲ, ಅದರಲ್ಲಿದ್ದವನು ಬೇರೇನೇ ಮನುಷ್ಯ ಅಂತ ನಿಮ್ಮ ತಮ್ಮ ಹಿಡಿದಿದಾರೆ ನೋಡಿ. ಓದಿ ನಾನೇ ನಿದ್ದೆ ಬಿಟ್ಟೆ.”

ಆಮೇಲೆ ಅವರು ಹೇಳಿದ್ದು ಕಾಫಿ ತಂದಿಟ್ಟ ನನಗೂ ಕೇಳಿಸಿತು. ಇನ್ನು ಮುಂದೆ ಕಾಮಿಕ್ಸಿನ ನಾಯಕನೂ ಬಲಗಿವಿಯೇ. ಮುಂದಿನ ಸೋಮವಾರದೊಳಗೆ ಮುಖಪುಟ ಕೊಟ್ಟರೆ ಕಾಮಿಕ್ಸೂ ಇವರದೇ. ಇಲ್ಲವಾದರೆ ಎರಡನ್ನೂ ಬೇರೆ ಕಲಾವಿದರಿಂದ ಬರೆಸುತ್ತಾರೆ. “ಬೇಜಾರು ಮಾಡ್ಕೋಬೇಡಿ, ವ್ಯವಹಾರ” ಎಂದು ಅರ್ಧ ಲೋಟ ಕಾಫಿ ಬಿಟ್ಟು ಎದ್ದರು.

ಇವರು ತಮ್ಮನಿಗೆ ಫೋನ್ ಮಾಡಿದರು. “ನನ್ನ ಅನ್ನ ತಿಂದ್ಕೊಂಡೇ ನನ್ನ ಮಾನ ಹರಾಜು ಹಾಕಿದ್ಯಲ್ಲೋ. ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ.” ಅಷ್ಟೇ ಹೇಳಿ ಇಟ್ಟರು. ನಂತರ ಕೋಣೆ ಸೇರಿದರು. ಬಿಟ್ಟುಕೊಡಲು ಮನಸ್ಸಿಲ್ಲ, ಬರೆಯಲು ಕೈ ಬರುವುದಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮುಖ ಬರೆಯುತ್ತಾರೆ, ಕೋಟು ಬರೆಯುತ್ತಾರೆ, ಬಲಗಿವಿ ಬರೆಯಲು ಹೊರಟರೆ ಅದು ಕಿವಿಯ ಹಾಗೆ ಕಾಣುವುದೇ ಇಲ್ಲ. ಯಾರೋ ಕೆನ್ನೆಗೆ ಲೋಟ ಅಂಟಿಸಿದ ಹಾಗಿರುತ್ತದೆ. ಇಪ್ಪತ್ತು ವರ್ಷ ಎಡಕ್ಕೇ ಹೋದ ಕೈ ಹಟ ಹಿಡಿದು ಕೂತಿತ್ತು. ರಬ್ಬರಿನ ಪುಡಿ ಮೇಜಿನಿಂದ ನೆಲಕ್ಕೆ, ನೆಲದಿಂದ ನಡುಮನೆಗೆ. ಶುಕ್ರವಾರ ನಾನು ಗುಡಿಸುವಾಗ, “ಬಿಟ್ಟುಬಿಡ್ತೀನಿ. ಬೇರೆಯವರೇ ಬರ್ಕೊಳ್ಳಲಿ” ಎಂದರು. ಆ ದನಿ ಕೇಳಲಾಗಲಿಲ್ಲ. ಸವತಿಯಾದರೂ ಇಷ್ಟು ವರ್ಷ ಜೊತೆಗಿದ್ದವನು, ಅವನಿಲ್ಲದೆ ಇವರು ಉಳಿಯುವುದಿಲ್ಲ ಎಂದು ಭಯವಾಯಿತು.

ಸೀದಾ ಬಸ್ ನಿಲ್ದಾಣಕ್ಕೆ ಹೋದೆ. ಮೈದುನನ ಕೋಣೆಗೆ ಒಂದೇ ಕಿಟಕಿ. ಗೋಡೆಯುದ್ದಕ್ಕೂ ಕೊಡೆಗಳು, ನೀರಿನ ಬಾಟಲಿಗಳು, ಒಂಟಿ ಚಪ್ಪಲಿಗಳು, ಯಾರದೋ ಹಲ್ಲಿನ ಸೆಟ್ಟು, ಒಂದು ಊರುಗೋಲು. ಊರುಗೋಲು ಮರೆತು ಇಳಿದವನು ನಡೆದದ್ದಾದರೂ ಹೇಗೋ! ಈ ರಾಶಿಯ ನಡುವೆ ಕೂತು ಅವನು ಯಾವುದೋ ಟಿಫನ್ ಡಬ್ಬಿಗೆ ಚೀಟಿ ಕಟ್ಟುತ್ತಿದ್ದ. ನನ್ನನ್ನು ನೋಡಿ ಎದ್ದುನಿಂತ.

“ಅತ್ತಿಗೆ, ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ನಿಮ್ಮಣ್ಣನ ಮರ್ಯಾದೆ ತೆಗೆಯೋಕೆ ನಿನಗೆ ಬೇರೆ ಏನೂ ಸಿಗಲಿಲ್ವಾ? ಆ ಹಾಳು ಸಂಚಿಕೇನೇ ಬೇಕಿತ್ತಾ? ಪಾಪದವನಂತೆ! ಪಾಪ ಮಾಡೋದೆಲ್ಲ ನೀನೇ.”

ಅವನು ತಲೆ ತಗ್ಗಿಸಿದ. ಬೈಗುಳ ಮುಗಿಯುವವರೆಗೂ ಕಾದ. ಕೊನೆಗೆ, “ಅಣ್ಣ ನಿಮಗೆ ಹೇಳೇ ಇಲ್ವಾ?” ಎಂದ.

“ಏನನ್ನ?”

“ನೀವು ಆಸ್ಪತ್ರೇಲಿದ್ದ ಆ ಎರಡು ದಿನ ಅಣ್ಣನ ಜೊತೆ ನಾನೇ ಇದ್ದೆ, ಅತ್ತಿಗೆ. ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ ಅಂತ ಹಾಳೆ ಎಳ್ಕೊಂಡ. ಕೈ ಹಾಳೆ ಮೇಲಿತ್ತು, ಕಣ್ಣು ಫೋನ್ ಮೇಲಿತ್ತು. ಬೋರಲು ಹಾಕಿದ ಹಾಳೇನ ತಿರುಗಿಸೋದೇ ಮರೆತ. ಅದರ ಮೇಲೇ ಶಾಯಿ ಹಾಕಿದ. ಮುಂದಿನದಕ್ಕೂ ಹಾಗೇ.”

“ನೀನು ನೋಡ್ತಾ ಕೂತಿದ್ಯಾ? ಹೇಳಬಾರದಿತ್ತಾ?”

“ಮೂರನೇ ಪುಟಕ್ಕೇ ಗೊತ್ತಾಯ್ತು. ಹೇಳಿದ್ರೆ ಕೈ ನಿಲ್ಲಿಸ್ತಿದ್ದ. ಕೈ ನಿಲ್ಲಿಸಿದ್ರೆ ಅಳ್ತಿದ್ದ. ಅಣ್ಣ ಅಳೋದು ನೋಡೋ ಧೈರ್ಯ ನನಗಿರಲಿಲ್ಲ.” ಡಬ್ಬಿಯನ್ನು ಆಚೆ ಸರಿಸಿದ. “ಮಧ್ಯೆ ಮಧ್ಯೆ ಅಡುಗೆಮನೆ ಕಡೆ ತಿರುಗಿ, ‘ಕರೆದಳೇನೋ?’ ಅಂತಿದ್ದ. ಮನೇಲಿ ನಾವಿಬ್ರೇ ಇದ್ದಿದ್ದು. ‘ಟೀ ಆಯ್ತೇನೋ ನೋಡು’ ಅಂದ ಒಂದ್ಸಲ. ನಾನು ನೋಡ್ಕೊಂಡೂ ಬಂದೆ, ಏನು ಮಾಡಲಿ? ಅದಕ್ಕೇ, ಆ ಸಂಚಿಕೆ ಬರೆದವನು ಬೇರೆ ಮನುಷ್ಯ ಅಂತ ನನಗೆ ಯಾವತ್ತೂ ಅನ್ಸೋದು. ಎಡಗಿವಿಯವನಿಗೆ ಲೋಕದ ಅಳೆಲ್ಲ ಕೇಳಿಸುತ್ತೆ. ಬಲಗಿವಿಯವನಿಗೆ ಕೇಳಿಸೋದು ಒಂದೇ ದನಿ. ಆ ದನಿಗೆ ಅಡ್ಡ ಬಂದವರನ್ನೆಲ್ಲ ಕೊಂದುಹಾಕ್ತಾನೆ. ಕಾದಂಬರಿ ಅಷ್ಟೇ.”

ಇದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ನನಗಾಗಿ ನಡುಗಿದ ಗಂಡನನ್ನು ನಾನು ನೋಡಲಿಲ್ಲ, ಇವನು ನೋಡಿದ್ದ. ನೋಡಿ ಹದಿನೈದು ವರ್ಷ ಯಾರೂ ಕೇಳಿಕೊಂಡು ಬರದ ಸಾಮಾನಿನ ಹಾಗೆ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ನನ್ನದನ್ನು ನನಗೆ ಕೊಡದೆ ಊರಿಗೆಲ್ಲ ಮಾರಲು ಹೊರಟಿದ್ದ. “ನನಗೆ ಮೊದಲು ಹೇಳಬೇಕಿತ್ತು ನೀನು” ಎಂದೆ. ಅವನು ಮತ್ತೆ ಡಬ್ಬಿ ಎಳೆದುಕೊಂಡು ಚೀಟಿ ಕಟ್ಟತೊಡಗಿದ.

ಮನೆಗೆ ಬಂದಾಗ ಇವರು ಅದೇ ಹಾಳೆಯ ಮುಂದೆ ಕೂತಿದ್ದರು. ಚಪ್ಪಲಿ ಬಿಟ್ಟವಳೇ ಕೋಣೆಗೆ ಹೋದೆ.

“ಎಡಗಿವೀನೇ ಬರೀರಿ. ಆಮೇಲೆ ಬೋರಲು ಹಾಕಿ ಬೆನ್ನ ಕಡೆಯಿಂದ ಶಾಯಿ ಹಾಕಿ. ಆವತ್ತು ಹಾಕಿದ ಹಾಗೆ.”

ಇವರ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. “ಯಾರು ಹೇಳಿದ್ರು?”

“ನಿಮ್ಮ ತಮ್ಮ.”

“ಏನೇನು ಹೇಳಿದ?”

“ಟೀ ಆಯ್ತಾ ನೋಡು ಅಂದಿದ್ದೂ ಹೇಳಿದ.”

ಕಿವಿಯವರೆಗೂ ಕೆಂಪಾದರು. ಬಲಗಿವಿ, ಎಡಗಿವಿ ಎರಡೂ. “ಅವನಿಗೆ ಬಾಯಿ ನಿಲ್ಲಲ್ಲ” ಎಂದು ಗೊಣಗಿ ದೀಪದ ಸ್ವಿಚ್ಚು ಹಾಕಿದರು. ಇಷ್ಟು ವರ್ಷ ಇದನ್ನೇಕೆ ಮುಚ್ಚಿಟ್ಟಿರಿ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಹೇಳುವ ಜಾತಿಯ ಮನುಷ್ಯನಾಗಿದ್ದರೆ ಅಕ್ಷರ ಬರೆಯುತ್ತಿದ್ದರು, ಗೆರೆ ಎಳೆಯುತ್ತಿರಲಿಲ್ಲ.

ಮುಖಪುಟ ಸೋಮವಾರ ಪ್ರೆಸ್ಸಿಗೆ ಹೋಯಿತು. ಅಂಥ ಚಿತ್ರ ಇವರು ಹಿಂದೆಂದೂ ಬರೆದಿರಲಿಲ್ಲ. ಕಾಲಡಿಯಲ್ಲಿ ಒಡೆದ ಗಾಜು, ಮೇಲೆ ಬಲಗಿವಿ. ಯಾರೋ ಕರೆಯುತ್ತಿರುವುದನ್ನು ಕೇಳಿಸಿಕೊಳ್ಳುವವನ ಹಾಗೆ ಕತ್ತು ಸ್ವಲ್ಪ ಓರೆ. ಕೈತುಂಬ ರಕ್ತ. ಇವರು ಬರೆದ ಮೊದಲ ರಕ್ತ. ನನ್ನ ಸವತಿ ಸತ್ತ. ಬೇಸರವಾಗಲಿಲ್ಲ ಎಂದು ಹೇಳಿದರೆ ನೀವು ನಂಬಬೇಡಿ.

ಪುಸ್ತಕ ಬಂದ ಮೇಲೆ ಮೈದುನ ಮನೆಗೂ ಬಂದ. ಮೆಟ್ಟಿಲ ಮೇಲೇ ನಿಂತಿದ್ದವನನ್ನು ಇವರೇ, “ಬಾರೋ ಕೊಲೆಗಡುಕ” ಎಂದು ಒಳಗೆ ಕರೆದರು. ಅಣ್ಣತಮ್ಮ ಅಷ್ಟರಲ್ಲೇ ಸರಿಹೋದರು. ಆದರೂ ಇವರು ಪುಸ್ತಕದಂಗಡಿಗೆ ಹೋಗುವುದು ಬಿಟ್ಟಿಲ್ಲ. ಈಗ ಕಾದಂಬರಿಯ ಮುಖಪುಟ ಎಲ್ಲರಿಗೂ ಕಾಣುವಂತೆ ಮುಂದೆ ಇಟ್ಟು, ತಮ್ಮನ ಹೆಸರಿರುವ ತುದಿಯ ಮೇಲೆ ಬೇರೆ ಪುಸ್ತಕ ಒರಗಿಸಿ ಬರುತ್ತಾರಂತೆ.

ಸರಿಹೋಗದೆ ಉಳಿದವಳು ನಾನೊಬ್ಬಳೇ. ಕಾದಂಬರಿಯ ಕೊನೆಯಲ್ಲಿ ಬಲಗಿವಿ ಹೆಣಗಳ ರಾಶಿ ದಾಟಿಕೊಂಡು, ನೌಕೆಯ ಕಟ್ಟಕಡೆಯ ಕೋಣೆಯ ಬಾಗಿಲು ಮುಟ್ಟುತ್ತಾನೆ. ಒಳಗಿನಿಂದ ಆ ದನಿ ಕೇಳುತ್ತದೆ. “ಟೀ ತಣ್ಣಗಾಗ್ತಿದೆ, ಬನ್ನಿ.” ಅವನು ಕತ್ತಿ ಕೆಳಗಿಟ್ಟು ಅಳುತ್ತಾನೆ. ಆ ಪುಟಕ್ಕೆ ಗಟ್ಟಿಮುಟ್ಟಾದ ಗಂಡಸರೂ ಕಣ್ಣೀರು ಹಾಕಿದರಂತೆ. ಇವರೂ ಹಾಕಿದರು. ಬಚ್ಚಲುಮನೆಯ ಬಾಗಿಲಾಚೆ ಮೂಗು ಏರಿಸುವ ಸದ್ದು ನನಗೆ ಕೇಳಿಸಿತು. ಅಷ್ಟು ವರ್ಷದಿಂದ ದಿನಾ ಬೆಳಿಗ್ಗೆ ಸಂಜೆ ನಾನು ಬಾಯಿಬಿಟ್ಟು ಹೇಳಿದ ಮಾತಿಗೆ ತಲೆ ಎತ್ತದವರು ಅಚ್ಚಾದ ಅದೇ ಮಾತಿಗೆ ಅತ್ತರು. ಆ ಪುಟದಲ್ಲಿರುವವಳು ನಾನೇ ಎಂದು ಗೊತ್ತು. ಗೊತ್ತಿದ್ದೂ ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಗಾಜುಗಿವಿ ಹೋದ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಇವಳು ಬಂದಿದ್ದಳು, ನನ್ನದೇ ದನಿ ಇಟ್ಟುಕೊಂಡು.

ಮರುದಿನ ಸಂಜೆ ಬೇಕೆಂದೇ ಅಡುಗೆಮನೆಯಿಂದ ಕರೆದೆ.

“ರೀ, ಟೀ ತಣ್ಣಗಾಗ್ತಿದೆ, ಬನ್ನಿ.”

ಉತ್ತರವಿಲ್ಲ. ಹಾಳೆ ತಿರುವುವ ಸದ್ದೂ ಇಲ್ಲ. ಕಾದೆ. ಎರಡನೇ ಸಲ ಕರೆಯಲಿಲ್ಲ, ಪಾತ್ರೆಯನ್ನೂ ಕುಕ್ಕಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಸದ್ದಿಲ್ಲದೆ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಇವರು ಬರೆಯುತ್ತಿರಲಿಲ್ಲ. ಕೈಕಟ್ಟಿಕೊಂಡು, ಕತ್ತು ಸ್ವಲ್ಪ ಓರೆ ಮಾಡಿಕೊಂಡು ಅಡುಗೆಮನೆಯ ಕಡೆಗೇ ಕಿವಿಗೊಟ್ಟು ಕೂತಿದ್ದರು.

“ಕೇಳಿಸ್ಲಿಲ್ವಾ?” ಎಂದೆ.

ಬೆಚ್ಚಿಬಿದ್ದರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮುಖ.

“ಕೇಳಿಸ್ತು.”

“ಮತ್ತೆ?”

“ಯಾವಾಗ್ಲೂ ಮೊದಲನೇ ಸಲಾನೇ ಕೇಳಿಸುತ್ತೆ.” ಶಾಯಿಯ ಬೆರಳುಗಳನ್ನೇ ನೋಡಿಕೊಂಡರು. “ಇನ್ನೊಂದ್ಸಲ ಕರೀಲಿ ಅಂತ ಕೂತಿರ್ತೀನಿ.”

ಟೀ ಆಗಲೇ ತಣ್ಣಗಾಗಿತ್ತು. ಬಿಸಿ ಮಾಡಿಕೊಡಲಿಲ್ಲ, ಹಾಗೇ ಕುಡಿಯಲಿ ಎಂದು ಕೊಟ್ಟೆ. ಕುಡಿದರು.